ಇಂದಿನ ಧಮ್ಮ ಚಿಂತನೆ: ಕಾವಲುಗಾರನೂ ಎರಡನೇ ಶೀಲವೂ



ಕಳೆದ ಭಾನುವಾರ ಪಂಚಶೀಲದ ಪಾಠ ಮುಗಿದ ಮೇಲೆ, ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ತಮ್ಮನೊಬ್ಬ ಕೇಳಿದ: "ಅಣ್ಣಾ, ದಿನಾ ಹನ್ನೆರಡು ಗಂಟೆ ನಿಲ್ತೀನಿ. ಓಟಿ ಕೇಳೋಣ ಅಂದ್ರೆ, ಆಸೆಯೇ ದುಃಖಕ್ಕೆ ಮೂಲ ಅಂತ ನೀವೇ ಹೇಳಿದ್ದೀರಿ. ಕೇಳೋದು ತಪ್ಪಾ?" ನಮ್ಮ ಊರಿಗಾಂ, ಮಾರಿಕುಪ್ಪಂ, ಬಂಗಾರಪೇಟೆಯ ಎಷ್ಟೋ ಮನೆಗಳ ಪ್ರಶ್ನೆ ಇದು. ಅದಕ್ಕೇ ಇಂದು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎರಡನೇ ಶೀಲ ಅದಿನ್ನಾದಾನಾ ವೇರಮಣಿ. ಮಕ್ಕಳಿಗೆ ಇದನ್ನು "ಕದಿಯಬಾರದು" ಎಂದು ಹೇಳಿಕೊಡುತ್ತೇವೆ. ಪಾಲಿಯ ಮಾತು ಅದಕ್ಕಿಂತ ಅಗಲ. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೆ ಇದ್ದದ್ದು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬುದೇ ಶೀಲ. ಕಾವಲುಗಾರ ರಾತ್ರಿಯಿಡೀ ಇನ್ನೊಬ್ಬರ ಆಸ್ತಿಗಾಗಿ ಈ ಶೀಲವನ್ನು ಕಾಯುತ್ತಾನೆ. ಆದರೆ ರಿಲೀವರ್ ಬರಲಿಲ್ಲವೆಂದು ಅವನ ನಾಲ್ಕು ಗಂಟೆಯನ್ನು ಬಿಟ್ಟಿಯಾಗಿ ಎಳೆದುಕೊಂಡರೆ, ಅದೂ ಕೊಡದೆ ಇದ್ದದ್ದನ್ನು ತೆಗೆದುಕೊಂಡದ್ದೇ. ಅಲ್ಲಿ ಶೀಲ ಮುರಿದವನು ಕೇಳುವವನಲ್ಲ. ತೃಷ್ಣೆ ಬೇರೆ, ಬರಬೇಕಾದದ್ದು ಬೇರೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಗೃಹಸ್ಥರ ವಿನಯದ ಜೊತೆಗೆ ಯಜಮಾನ ಮತ್ತು ಕೆಲಸಗಾರರ ವಿನಯವನ್ನೂ ಸೇರಿಸಿದ್ದಾರೆ. ಅದು ಸಿಗಾಲನಿಗೆ ಭಗವಾನರು ಹೇಳಿದ ಪಾಠ. ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಕಾಲಕಾಲಕ್ಕೆ ರಜೆ. ಇವು ಯಜಮಾನನ ಮೇಲಿನ ಐದು ಹೊಣೆಗಳು. ಇಂದಿನ ಮಾತಿನಲ್ಲಿ ಹೇಳಿದರೆ ಡ್ಯೂಟಿ ಅವಧಿ, ಸಂಬಳ, ಇಎಸ್‌ಐ, ಬೋನಸ್, ವಾರದ ರಜೆ. ಕೆಲಸಗಾರನಿಗೂ ಅಲ್ಲಿ ಕರ್ತವ್ಯಗಳಿವೆ, ಆದರೆ ಒಂದೇ ಕಡೆಗೆ ಹೊರೆ ಹೊರಿಸಿಲ್ಲ.

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ ಎಂಟು ಗಂಟೆಯಂತೆ 26 ದಿನ ಎಂದರೆ 208 ಗಂಟೆ. ಹನ್ನೆರಡು ಗಂಟೆ ನಿಂತರೆ ಹೆಚ್ಚುವರಿ 104 ಗಂಟೆ. ಹೆಚ್ಚುವರಿ ಹೊತ್ತಿಗೆ ಕಾನೂನು ಹೇಳುವುದು ಎರಡು ಪಟ್ಟು ಕೂಲಿ. ಅಂದರೆ ಮತ್ತೆ 208 ಗಂಟೆಯ ಸಂಬಳ, ಒಂದು ಪೂರಾ ತಿಂಗಳದ್ದು! ಊಟದ ವಿರಾಮ ನಿಜವಾಗಿ ಕೊಟ್ಟಿದ್ದರೆ ಲೆಕ್ಕ ಸ್ವಲ್ಪ ಇಳಿಯುತ್ತದೆ. ಗೇಟಿನಲ್ಲಿ ಒಬ್ಬನೇ ನಿಂತವನಿಗೆ ಯಾವ ವಿರಾಮ, ನೀವೇ ಹೇಳಿ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. "ಹಳೆಯ ಕಾನೂನು ಹೋಯಿತು" ಎಂದು ಫೀಲ್ಡ್ ಆಫೀಸರ್ ಹೆದರಿಸಿದರೆ ನಂಬಬೇಡಿ. ಕನಿಷ್ಠ ವೇತನ ಹೋಗಿಲ್ಲ, ಎರಡು ಪಟ್ಟು ಓಟಿಯೂ ಹೋಗಿಲ್ಲ, ನೇಮಕಾತಿ ಪತ್ರವಂತೂ ಕೊಡಲೇಬೇಕು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಆ ವಿಧಿಯನ್ನು ನಮಗೆ ಕೊಟ್ಟವರು ಯಾರೆಂದು ಈ ಗುಂಪಿನಲ್ಲಿ ಹೇಳಬೇಕಾಗಿಲ್ಲ. ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ಕಾರ್ಖಾನೆ ತಿದ್ದುಪಡಿಯೂ, ಕಾರ್ಮಿಕ ಸಂಘಗಳಿಗೆ ಮಾಲೀಕರು ಮಾನ್ಯತೆ ಕೊಡಲೇಬೇಕೆಂಬ 1943ರ ಮಸೂದೆಯೂ ಅವರು ಕಾರ್ಮಿಕ ಸದಸ್ಯರಾಗಿದ್ದ ಕಾಲದವು.

ಸಂಘದ ಮಾತು ಬಂತು. ನಮ್ಮ ತಾತಂದಿರು ಗಣಿಯಿಂದ ಮೇಲೆ ಬಂದಾಗ ಅವರನ್ನು ತಡವಿ ಪರೀಕ್ಷಿಸುತ್ತಿದ್ದರು. ಚಿನ್ನ ತೆಗೆಯುವವನೇ ಕಳ್ಳನೆಂಬ ಅನುಮಾನ. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆಯಲು ಹೊರಟಾಗ ಅವರು ಕೆಲಸ ನಿಲ್ಲಿಸಿದರು. ಮಾನ್ಯತೆ ಪಡೆದ ಸಂಘ ಆಗ ಅವರಿಗಿರಲಿಲ್ಲ. ಸಂಬಳಕ್ಕಿಂತ ಮಾನಕ್ಕಾಗಿ ನಡೆದ ಮುಷ್ಕರ ಅದು ಎಂದೇ ನನ್ನ ಎಣಿಕೆ. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಅದಕ್ಕೂ ಮೊದಲೇ ಇತ್ತು. 1956ಕ್ಕಿಂತ ಎಷ್ಟೋ ಹಿಂದೆಯೇ ನಮ್ಮ ಲೈನ್ ಮನೆಗಳಲ್ಲಿ 'ಸಂಘಂ ಶರಣಂ' ಕೇಳಿಸುತ್ತಿತ್ತು. ಭಿಕ್ಖು ಸಂಘ ಬೇರೆ, ಕಾರ್ಮಿಕ ಸಂಘ ಬೇರೆ, ಒಪ್ಪುತ್ತೇನೆ. ಆದರೂ ಒಂಟಿಯಾಗಿ ಆಗದ್ದನ್ನು ಕೂಡಿ ಮಾಡುವುದು ಎರಡರಲ್ಲೂ ಇದೆ.

ಗಣಿಯಲ್ಲಿ ಒಂದೇ ಶಾಫ್ಟಿನಲ್ಲಿ ಸಾವಿರಾರು ಜನ ಇಳಿಯುತ್ತಿದ್ದರು, ಒಗ್ಗೂಡುವುದು ಸುಲಭವಿತ್ತು. 2001ರಲ್ಲಿ ಗಣಿ ಮುಚ್ಚಿತು. ಈಗ ಒಂದು ಎಟಿಎಂಗೆ ಒಬ್ಬ, ಒಂದು ಅಪಾರ್ಟ್‌ಮೆಂಟ್ ಗೇಟಿಗೆ ಇಬ್ಬರು. ದೂರು ಹೇಳಿದವನ ಸೈಟ್ ಮರುದಿನವೇ ಬದಲು. ಹೀಗಾಗಿ ಗಾರ್ಡುಗಳ ಸಂಘ ಸೈಟಿನಲ್ಲಿ ಹುಟ್ಟುವುದು ಕಷ್ಟ. ಆದರೆ ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡುವ ರೈಲಿನಲ್ಲಿ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟುವಷ್ಟರಲ್ಲಿ, ಒಂದು ಬೋಗಿಯಲ್ಲಿ ಎಷ್ಟು ಯೂನಿಫಾರಂ ಕಾಣುತ್ತವೆ! ಸಂಘದ ನೋಂದಣಿಗೆ ಏಳು ಜನ ಅರ್ಜಿ ಹಾಕಬಹುದು. ಆದರೆ ಆ ಉದ್ಯಮದ ಶೇ. 10ರಷ್ಟು ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ಹೊಸದು ಕಟ್ಟಲಾಗದಿದ್ದರೆ ಈಗಾಗಲೇ ಇರುವ ಸಂಘಕ್ಕೆ ಸೇರಬಹುದು. ಮಹಾರಾಷ್ಟ್ರದಲ್ಲಿ 1981ರಿಂದ ಖಾಸಗಿ ಗಾರ್ಡುಗಳಿಗೇ ಪ್ರತ್ಯೇಕ ಕಾನೂನಿದೆ. ಸರ್ಕಾರ, ಮಾಲೀಕರು, ಗಾರ್ಡುಗಳು ಮೂವರೂ ಇರುವ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಕೆಲಸ ಮಾಡುತ್ತಾರೆ. ಅಂಥದ್ದನ್ನು ಕರ್ನಾಟಕದಲ್ಲೂ ಕೇಳಬೇಕಾದವರು ನಾವೇ.

ಅಲ್ಲಿಯವರೆಗೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಡ್ಯೂಟಿಗೆ ಹತ್ತಿದ ಹೊತ್ತು, ಇಳಿದ ಹೊತ್ತು, ಸೈಟಿನ ಹೆಸರು ದಿನಾ ಬರೆಯಿರಿ. ಹಾಜರಿ ಪುಸ್ತಕದ ಫೋಟೋ ತೆಗೆಯಿರಿ. ಸಂಬಳ ಚೀಟಿ ಬರವಣಿಗೆಯಲ್ಲೇ ಕೇಳಿ. ಪಿಎಫ್ ಹಿಡಿದದ್ದು ಖಾತೆಗೆ ಬಿದ್ದಿದೆಯೇ ಎಂದು ಉಮಂಗ್ ಆ್ಯಪಿನಲ್ಲಿ ನೋಡಿ. ಮಾರ್ಕ್ಸ್ ಕಾರ್ಡ್, ಆಧಾರ್ ಮೂಲ ಪ್ರತಿಯನ್ನು ಏಜೆನ್ಸಿಯ ಕೈಗೆ ಬಿಡಬೇಡಿ.

ಬರುವ ಭಾನುವಾರ ವಂದನೆಯ ನಂತರ ಸಿಗಾಲ ಸುತ್ತದ ಓದು ಇರುತ್ತದೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದಲ್ಲಿರುವವರು ಮೂರು ತಿಂಗಳ ಸಂಬಳ ಚೀಟಿಯನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ತನ್ನಿ, ಕೂತು ಒಟ್ಟಿಗೆ ಲೆಕ್ಕ ಹಾಕೋಣ. ನೈಟ್ ಡ್ಯೂಟಿ ಇರುವವರ ಬದಲು ಮನೆಯವರು ಬಂದರೂ ಸರಿ.