ನಿನ್ನ ಮಾತನ್ನು ನೀನೇ ಬರೆದಿಡು

ಚಿರಂಜೀವಿ ಮಗನಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದೀಯ, ಮಗಳಿಗೆ ಎರಡು ವರ್ಷ ತುಂಬಿದೆ. ಇಂಥ ಹೊತ್ತಿನಲ್ಲಿ ಉಯಿಲಿನ ಮಾತೆತ್ತಿದರೆ ನಿನ್ನಮ್ಮ ‘ಬಿಡ್ತು ಅನ್ನಿ ಭಾವ’ ಎನ್ನುತ್ತಾಳೆ. ಆದರೂ ಬರೆಯುತ್ತಿದ್ದೇನೆ. ಸಾವಿನ ಮಾತಾಡಿದರೆ ಸಾವು ಬರುವುದಿಲ್ಲ. ಆಡದಿದ್ದರೆ ಉಳಿದವರು ಕಚೇರಿ ಕಚೇರಿ ಅಲೆಯಬೇಕಾಗುತ್ತದೆ.

‘ಹೆಂಡತಿಯನ್ನು ನಾಮಿನಿ ಮಾಡಿದ್ದೇನಲ್ಲ’ ಎನ್ನುವೆ. ಠೇವಣಿಗೋ ಷೇರಿಗೋ ನಾಮಿನಿಯಾದವರು ಅದನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಅಷ್ಟೆ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಉಯಿಲಿಲ್ಲದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿನ್ನ ಹೆಂಡತಿ, ಮಗಳು, ಅಮ್ಮ ಮೂವರಿಗೂ ಸಮಪಾಲು. ಕೇಳಲು ನ್ಯಾಯವೇ. ಆದರೆ ಸಾಲದ ಕಂತು ಕಟ್ಟಲಾಗದೆ ನಿನ್ನ ಹೆಂಡತಿ ಫ್ಲ್ಯಾಟ್ ಮಾರಹೊರಟರೆ, ಅಪ್ರಾಪ್ತ ಮಗುವಿನ ಪಾಲಿಗಾಗಿ ನ್ಯಾಯಾಲಯದ ಅನುಮತಿಗೆ ಕಾಯಬೇಕು. ಕಾನೂನು ಎಲ್ಲರ ಮನೆಗೂ ಒಂದೇ ಅಳತೆಯಲ್ಲಿ ಹಂಚುತ್ತದೆ. ನಿನ್ನ ಮನೆಯಲ್ಲಿ ಯಾರಿಗೆ ಏನು ಬೇಕೆಂಬುದು ಗೊತ್ತಿರುವುದು ನಿನಗೆ ಮಾತ್ರ.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿನ್ನ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿಗೆ ನಿಲ್ಲಿಸಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸು, ನಾಳೆ ‘ಇದು ಅವನ ಸಹಿಯೇ ಅಲ್ಲ’ ಎನ್ನುವುದು ಕಷ್ಟವಾಗುತ್ತದೆ. ಮನಸ್ಸು ಬದಲಾದರೆ ಬೇರೆ ಬರೆಯಬಹುದು, ಕೊನೆಯದೇ ಊರ್ಜಿತ.

ಊರಿನ ಜಮೀನಿನಲ್ಲಿ ನಿನ್ನ ಪಾಲನ್ನಷ್ಟೇ ನೀನು ಬರೆಯಬಲ್ಲೆ. ನಿನ್ನಕ್ಕನಿಗೂ ಅದರಲ್ಲಿ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಪಾಲನ್ನು ನಮ್ಮ ರಾಜ್ಯ 1994ರಲ್ಲೇ ಒಪ್ಪಿತ್ತು, 2005ರಲ್ಲಿ ಇಡೀ ದೇಶ ಒಪ್ಪಿತು. ಪಹಣಿ ಇನ್ನೂ ನಿನ್ನಜ್ಜನ ಹೆಸರಿನಲ್ಲಿದೆ. ಯಾರ ಪಾಲು ಯಾವುದೆಂದು ಹೇಳಬಲ್ಲ ನಾನಿರುವಾಗಲೇ ಪೌತಿ ಖಾತೆ ಮಾಡಿಸೋಣ. ನಿನ್ನಮ್ಮ ತನ್ನ ಮನೆಯನ್ನು ಈಗಲೇ ನಿನಗೆ ದಾನಪತ್ರ ಮಾಡಿಕೊಡುತ್ತೇನೆಂದರೆ ಬೇಡವೆನ್ನು. ನೋಂದಣಿಯಾದ ದಾನಪತ್ರವನ್ನು ಹಿಂಪಡೆಯುವುದು ಸುಲಭವಲ್ಲ. ಉಯಿಲಾದರೆ ಕೊನೆಯವರೆಗೂ ಮನೆ ಅವಳದೇ, ಮುಪ್ಪಿನಲ್ಲಿ ಆ ಧೈರ್ಯ ಅವಳಿಗೆ ಬೇಕು.

ಜೀವವಿದ್ದೂ ಪ್ರಜ್ಞೆಯಿಲ್ಲದೆ ಮಲಗುವ ಕಾಲವೂ ಬರಬಹುದು. ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಜಿಪಿಎ ಬರೆದುಕೊಟ್ಟರೆ ಸಾಕೆಂದು ಅನೇಕರು ನಂಬಿದ್ದಾರೆ. 1872ರ ಕರಾರು ಕಾಯ್ದೆಯಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಆಮೇಲೆ ಪಾಲಕರ ನೇಮಕಕ್ಕೆ ಮನೆಯವರು ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಮನೆಖರ್ಚಿನ ಖಾತೆಯನ್ನಾದರೂ ಗಂಡಹೆಂಡತಿ ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ ಜಂಟಿ ಮಾಡಿಸು.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಕಾನೂನು ಒಂದು ದಾರಿ ತೆರೆದಿದೆ. ವಾಸಿಯಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರಿನಂಥ ಆಸರೆ ಬೇಡವೆಂದು ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶಿಸಿತು. ದುರುಪಯೋಗದ ಭಯ ಬೇಡ, ವೈದ್ಯರ ಎರಡು ಮಂಡಳಿಗಳು ಒಪ್ಪಿದರಷ್ಟೇ ಆಸರೆ ತೆಗೆಯುತ್ತಾರೆ.

ಚಿಕಿತ್ಸೆ ಕುರಿತ ನನ್ನ ಪತ್ರ ಬರೆದಾಗಿದೆ. ನನ್ನ ಪರವಾಗಿ ಮಾತಾಡುವವರೆಂದು ಮೊದಲು ನಿನ್ನ ದೊಡ್ಡಮ್ಮನ ಹೆಸರು, ಆಮೇಲೆ ನಿನ್ನ ಹೆಸರು ಹಾಕಿದ್ದೇನೆ. ಐಸಿಯು ಬಾಗಿಲಲ್ಲಿ ಡಾಕ್ಟರು ‘ಏನು ಮಾಡೋಣ’ ಎಂದಾಗ ನೀನು ನಡುಗಬಾರದು. ಆ ತೀರ್ಮಾನ ನಿನ್ನದಲ್ಲ, ನನ್ನದು; ನೀನು ಅದನ್ನು ತಿಳಿಸುವವನು ಮಾತ್ರ. ದೊಡ್ಡಪ್ಪನನ್ನು ಬಿಟ್ಟುಕೊಟ್ಟೆ ಎಂಬ ಕೊರಗು ನಿನಗೆ ಉಳಿಯಬಾರದೆಂದೇ ಬರೆದಿಟ್ಟಿದ್ದೇನೆ. ನಿನ್ನ ಹೆಂಡತಿಗೂ ಅಂಥ ಕೊರಗು ಬಾರದ ಹಾಗೆ ನೀನು ನೋಡಿಕೊ.

ದಸರೆಗೆ ಅಕ್ಕನನ್ನೂ ಕರೆದುಕೊಂಡು ಬಾ. ಎಲ್ಲರೂ ಕೂತು ಓದೋಣ, ಮರುದಿನ ವಕೀಲರನ್ನು ಕಾಣೋಣ. ಪಾಲಿಸಿ, ಖಾತೆ, ಸಾಲಗಳ ಪಟ್ಟಿಯನ್ನು ಅಷ್ಟರೊಳಗೆ ಬರೆದು ನಿನ್ನ ಹೆಂಡತಿಯ ಕೈಗೆ ಕೊಟ್ಟಿರು.

ಇತಿ,
ನಿನ್ನ ದೊಡ್ಡಪ್ಪ