ಕಿರುತೆರೆಯ ಶಾಸನ

ಜಾಲಪುಟವು ಮುದ್ರಿತ ಪುಟದಂತೆ ನಿಯತವಾದ ಅಂಚುಗಳುಳ್ಳದ್ದಲ್ಲವೆಂಬುದನ್ನೂ, ದ್ರವಸ್ವಭಾವದ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ, ಮೀಡಿಯಾ ಕ್ವೆರಿ ಎಂಬ ಮೂರು ಅಂಗಗಳಿಂದ ಒಂದೇ ಪುಟವು ಎಲ್ಲ ತೆರೆಗಳಿಗೂ ಒಗ್ಗಬಲ್ಲುದೆಂಬುದನ್ನೂ ಈಥನ್ ಮಾರ್ಕಾಟ್ ಅವರು 2010ರಲ್ಲಿ ಬರೆದ ಲೇಖನದಿಂದ ನಾನು ಅರಿತಿದ್ದೆನಾದರೂ, ಆ ಅರಿವು ಅನುಭವವಾಗಿ ಪರಿಣಮಿಸಿದುದು ನಮ್ಮೂರ ಸಾಹಿತ್ಯ ಸಂಘದ ಪುಸ್ತಕಪ್ರದರ್ಶನಕ್ಕಾಗಿ ಕನ್ನಡದಲ್ಲಿಯೇ ಒಂದು ಲ್ಯಾಂಡಿಂಗ್ ಪೇಜನ್ನು ಕಟ್ಟಲು ತೊಡಗಿದಾಗ.

ವ್ಯೂಪೋರ್ಟ್ ಮೆಟಾ ಟ್ಯಾಗಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದಿಲ್ಲದಿದ್ದರೆ ಮೊಬೈಲಿನ ಬ್ರೌಸರು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲವನ್ನು ಕಲ್ಪಿಸಿಕೊಂಡು ಪುಟವನ್ನೆಲ್ಲ ಇರುವೆಸಾಲಿನಂತೆ ಕುಗ್ಗಿಸಿಬಿಡುತ್ತದೆ. ನಿಜವಾದ ವಿಚಾರಕ್ಕೆ ಎಡೆಮಾಡಿದುದು ನಮ್ಮ ಲಿಪಿ. ಇಂಗ್ಲಿಷಿಗೆಂದು ರಚಿತವಾದ ಸಿದ್ಧ ಮಾದರಿಗಳಲ್ಲಿ ಶೀರ್ಷಿಕೆಯ ಲೈನ್-ಹೈಟ್ ಬಹುಧಾ 1.2 ಇರುವುದು, ಆ ಇಕ್ಕಟ್ಟಿನಲ್ಲಿ ‘ರಾಷ್ಟ್ರ’ದಂತಹ ಪದದ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳೊಡನೆ ಘರ್ಷಿಸುವುವು. ಅದನ್ನು 1.6ಕ್ಕೆ ಏರಿಸಿ, ಗುಂಡಿಗಳಿಗೂ ಪೆಟ್ಟಿಗೆಗಳಿಗೂ ವಿಧಿಸಿದ್ದ ಸ್ಥಿರವಾದ ಎತ್ತರವನ್ನು ತೆಗೆದುಹಾಕಿ, ಪ್ಯಾಡಿಂಗನ್ನು ಮಾತ್ರ ಉಳಿಸಿದ ಮೇಲೆ ಅಕ್ಷರಗಳು ಉಸಿರಾಡಿದುವು.

ಅನಂತರ ಎದುರಾದುದು ‘ಪುಸ್ತಕಪ್ರದರ್ಶನೋದ್ಘಾಟನೆ’. ಸಂಘದ ಹಿರಿಯರಿಗೆ ಪ್ರಿಯವಾದ ಈ ಸಮಸ್ತಪದವು 320 ಪಿಕ್ಸೆಲ್ ಅಗಲದ ತೆರೆಯನ್ನು ಮೀರಿ ಹೊರಚಾಚಿ, ಪುಟವನ್ನೇ ಅಡ್ಡಡ್ಡಲಾಗಿ ಜಾರಿಸುತ್ತಿದ್ದಿತು. ಕ್ಲ್ಯಾಂಪ್ ಎಂಬ ಸಿಎಸ್‌ಎಸ್ ಕಾರ್ಯದಿಂದ ಅಕ್ಷರದ ಗಾತ್ರಕ್ಕೆ ಕನಿಷ್ಠ ಗರಿಷ್ಠಗಳನ್ನು ಕಟ್ಟಿಕೊಟ್ಟರೂ ಸಾಲದಾಯಿತು. ಓವರ್‌ಫ್ಲೋ-ರ‍್ಯಾಪ್ ಪದವನ್ನು ಮುರಿಯುವುದಾದರೂ ಅದಕ್ಕೆ ವ್ಯಾಕರಣದ ಹಂಗಿಲ್ಲ. ಆದುದರಿಂದ ‘ಪುಸ್ತಕ’ದ ನಂತರ ಡಬ್ಲ್ಯೂಬಿಆರ್ ಟ್ಯಾಗನ್ನು ನಾನೇ ಇರಿಸಿದೆನು, ‘ಪ್ರದರ್ಶನೋದ್ಘಾಟನೆ’ಯನ್ನಾದರೋ ಗುಣಸಂಧಿಯ ಓಕಾರವು ಉಭಯ ಪದಗಳಿಗೂ ಸೇರಿದುದಾದ ಕಾರಣ ಒಡೆಯದೆ ಬಿಟ್ಟೆನು. ಕೋಡ್ ಬರೆಯುವಲ್ಲಿ ಶಾಲೆಯ ವ್ಯಾಕರಣವು ಒದಗೀತೆಂದು ಯಾರು ಬಲ್ಲರು!

ಬ್ರೇಕ್‌ಪಾಯಿಂಟುಗಳನ್ನು ಆಯುವಲ್ಲಿಯೂ ಒಡೆಯುವ ಎಡೆಯನ್ನು ಪಠ್ಯವೇ ನಿರ್ಧರಿಸಬೇಕೆಂಬ ಇದೇ ನ್ಯಾಯವನ್ನು ಅನುಸರಿಸಿದೆನು. 768 ಎಂಬ ಸಂಖ್ಯೆಯು ಮೊದಲ ಐಪ್ಯಾಡಿನ ಅಗಲ. ಅದನ್ನು ಮಂತ್ರದಂತೆ ಜಪಿಸುವುದಕ್ಕಿಂತ, ಕಿಟಕಿಯನ್ನು ಮೆಲ್ಲಮೆಲ್ಲನೆ ಕಿರಿದುಗೊಳಿಸುತ್ತ ಸಾಲು ಎಲ್ಲಿ ತೊಡಕುವುದೋ ಅಲ್ಲಿಯೇ ಎಮ್ ಮಾನದಲ್ಲಿ ಗೆರೆ ಎಳೆಯುವುದು ಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಿರುತೆರೆಯಲ್ಲಿ ಸ್ತಂಭವೊಂದೇ ಆದುದರಿಂದ ಎಚ್‌ಟಿಎಂಎಲ್‌ನಲ್ಲಿ ಮೊದಲು ಬರೆದುದೇ ಮೊದಲು ಕಾಣುವುದು. ಸಮಿತಿಯವರು ಅಧ್ಯಕ್ಷರ ಭಾವಚಿತ್ರವೇ ಅಗ್ರಸ್ಥಾನದಲ್ಲಿರಬೇಕೆಂದು ಬಯಸಿದರು. ಬಸ್ಸಿನಲ್ಲಿ ನಿಂತು ನೋಡುವವನಿಗೆ ಬೇಕಾದುದು ದಿನಾಂಕ, ಸ್ಥಳ, ನೋಂದಣಿಯ ಗುಂಡಿ ಎಂದು ನಾನು ವಾದಿಸಿದೆನು. ಸಿಎಸ್‌ಎಸ್‌ನ ಆರ್ಡರ್ ಗುಣದಿಂದ ತೋರಿಕೆಯ ಕ್ರಮವನ್ನು ಬದಲಿಸಬಹುದಾಗಿದ್ದರೂ, ಸ್ಕ್ರೀನ್ ರೀಡರನ್ನು ಅವಲಂಬಿಸಿದವರಿಗೆ ಮೂಲದ ಕ್ರಮವೇ ಕೇಳಿಸುವುದರಿಂದ ಆ ಉಪಾಯವನ್ನು ಕೈಬಿಟ್ಟು, ದಿನಾಂಕವನ್ನೇ ಮುಂದಿರಿಸಿದೆನು. ಅಧ್ಯಕ್ಷರು ಪುಟವನ್ನು ನೋಡಿದುದು ಕಚೇರಿಯ ವಿಶಾಲವಾದ ತೆರೆಯಲ್ಲಿ; ಅಲ್ಲಿ ಗ್ರಿಡ್ಡಿನ ಕೃಪೆಯಿಂದ ಅವರ ಭಾವಚಿತ್ರವು ದಿನಾಂಕದ ಪಕ್ಕದಲ್ಲಿ ಸಮಾನ ಗೌರವದಿಂದಲೇ ವಿರಾಜಿಸುತ್ತಿದ್ದುದರಿಂದ ಆಕ್ಷೇಪವೇನೂ ಬರಲಿಲ್ಲ.