ಟೇಬಲ್‌ನಲ್ಲಿ ಎಲ್ಲ ಸರಿಯಿದ್ದರೂ 500 ಏಕೆ?

ಪ್ರಶ್ನೆ: ಸ್ಪ್ರಿಂಗ್ ಬೂಟ್‌ನಲ್ಲಿ ರಾಜ್ಯದ ಜಿಲ್ಲೆ, ತಾಲ್ಲೂಕುಗಳ ಪಟ್ಟಿ ಕೊಡುವ ಸಣ್ಣ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಡೇಟಾಬೇಸ್‌ನಲ್ಲಿ ಮಾಹಿತಿ ಸರಿಯಾಗಿಯೇ ಇದೆ. ಆದರೆ ಕಂಟ್ರೋಲರ್‌ನಿಂದ ಜಿಲ್ಲೆಯ ಆಬ್ಜೆಕ್ಟ್ ರಿಟರ್ನ್ ಮಾಡಿದರೆ ಸರ್ವರ್ ಎರರ್ ಬರುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಬ್ರೌಸರ್ ಬಿಟ್ಟು ಸರ್ವರ್‌ನ ಲಾಗ್ ನೋಡಿ. ಒಳಗೆ ಏನೋ ಕೆಟ್ಟಿದೆ ಎಂದಷ್ಟೇ 500 ಹೇಳುತ್ತದೆ. ಕೆಟ್ಟದ್ದು ಏನೆಂಬುದು ಸ್ಟ್ಯಾಕ್ ಟ್ರೇಸ್‌ನಲ್ಲಿ, ಬಹುಪಾಲು ಕೊನೆಯ ‘ಕಾಸ್ಡ್ ಬೈ’ ಸಾಲಿನಲ್ಲಿ ಸಿಗುತ್ತದೆ.

ನೀವು ಬರೆದದ್ದನ್ನು ನೋಡಿದರೆ ಅಲ್ಲಿ ‘ಇನ್‌ಫಿನಿಟ್ ರಿಕರ್ಷನ್’ ಎಂದಿರುವ ಸಾಧ್ಯತೆಯೇ ಹೆಚ್ಚು. ಜಿಲ್ಲೆಯ ಕ್ಲಾಸ್‌ನಲ್ಲಿ ತಾಲ್ಲೂಕುಗಳ ಲಿಸ್ಟ್ ಇಟ್ಟಿರುತ್ತೀರಿ, ತಾಲ್ಲೂಕಿನ ಕ್ಲಾಸ್‌ನಲ್ಲಿ ಅದರ ಜಿಲ್ಲೆಯನ್ನು ಇಟ್ಟಿರುತ್ತೀರಿ. ಡೇಟಾಬೇಸ್‌ಗೆ ಇದರಿಂದ ತೊಂದರೆಯಿಲ್ಲ, ಅಲ್ಲಿ ತಾಲ್ಲೂಕಿನ ಸಾಲಿನಲ್ಲಿರುವುದು ಜಿಲ್ಲೆಯ ಐಡಿ ಮಾತ್ರ. ಜೇಸನ್ ಬರೆಯುವ ಜ್ಯಾಕ್ಸನ್ ಲೈಬ್ರರಿಯಾದರೋ ಸಿಕ್ಕ ಗೆಟರ್‌ಗಳನ್ನೆಲ್ಲ ಕರೆಯುತ್ತ ಹೋಗುತ್ತದೆ. ಮಂಡ್ಯವನ್ನು ಬರೆಯಲು ಹೊರಟು ಮದ್ದೂರಿಗೆ ಬರುತ್ತದೆ. ಮದ್ದೂರಿನ ಜಿಲ್ಲೆ ಕೇಳಿ ಮತ್ತೆ ಮಂಡ್ಯ ಬರೆಯತೊಡಗುತ್ತದೆ. ಅದರೊಳಗೆ ಪುನಃ ಮದ್ದೂರು. ಹಿಂದೆ ಇದು ಸ್ಟ್ಯಾಕ್ ತುಂಬಿ ಹರಿಯುವವರೆಗೂ ನಡೆಯುತ್ತಿತ್ತು. ಜ್ಯಾಕ್ಸನ್ 2.16ರಿಂದ 1000 ಹಂತದ ಮಿತಿ ಬಂದಿದೆ, ಹಾಗಾಗಿ ಎರರ್‌ನ ಮಾತು ಬೇರೆ ಇರಬಹುದು. ಕೆಲವೊಮ್ಮೆ 500 ಕೂಡ ಬರುವುದಿಲ್ಲ. ಉತ್ತರದ ಒಂದು ಭಾಗ ಆಗಲೇ ಹೊರಟುಹೋಗಿರುವುದರಿಂದ 200 ಎಂದೇ ತೋರಿಸಿ, ಕೆಳಗೆ ಮಂಡ್ಯ, ಮದ್ದೂರು ಎಂದು ಪುಟಗಟ್ಟಲೆ ಸುರಿದು ಅರ್ಧಕ್ಕೆ ನಿಲ್ಲುತ್ತದೆ.

ತಾಲ್ಲೂಕಿನಲ್ಲಿರುವ ಜಿಲ್ಲೆಯ ಫೀಲ್ಡ್ ಮೇಲೆ ‘ಜೇಸನ್‌ಇಗ್ನೋರ್’ ಹಾಕಿದರೆ ಈ ಸುತ್ತು ಕಡಿಯುತ್ತದೆ. ಇವತ್ತೇ ಸಬ್‌ಮಿಟ್ ಮಾಡಬೇಕಿದ್ದರೆ ಹಾಗೆ ಮಾಡಿ. ಆದರೆ ನಾಳೆ ತಾಲ್ಲೂಕಿನ ಪುಟದಲ್ಲಿ ಜಿಲ್ಲೆಯ ಹೆಸರು ಬೇಕೆನಿಸಿದಾಗ ಅದೇ ಅನೋಟೇಶನ್ ಅಡ್ಡ ಬರುತ್ತದೆ.

ನನ್ನ ಸಲಹೆ ಬೇರೆ. ಡೇಟಾಬೇಸ್‌ನಿಂದ ಬಂದ ಎಂಟಿಟಿಯನ್ನು ನೇರವಾಗಿ ಹೊರಗೆ ಕಳಿಸಲೇಬೇಡಿ. ಏನು ಕಳಿಸಬೇಕೋ ಅಷ್ಟಕ್ಕೇ ಒಂದು ಸಣ್ಣ ರೆಕಾರ್ಡ್ ಬರೆಯಿರಿ: ತಾಲ್ಲೂಕಿನ ಐಡಿ, ಹೆಸರು, ಜಿಲ್ಲೆಯ ಹೆಸರು. ಜಿಲ್ಲೆ ಇಲ್ಲಿ ಬರೀ ಸ್ಟ್ರಿಂಗ್, ಆದ್ದರಿಂದ ಸುತ್ತಲು ದಾರಿಯೇ ಇರುವುದಿಲ್ಲ. ರೆಕಾರ್ಡ್ ಜಾವಾ 16ರಿಂದ ಭಾಷೆಯಲ್ಲೇ ಇದೆ, ಒಂದು ಸಾಲಿನಲ್ಲಿ ಮುಗಿಯುತ್ತದೆ. ಒಂದೇ ಆಕಾರವನ್ನು ಎರಡು ಸಲ ಬರೆಯಬೇಕೇ ಎಂದು ಬೇಸರವಾಗಬಹುದು. ಮುಂದೆ ಇದೇ ಪ್ರಾಜೆಕ್ಟ್‌ಗೆ ಲಾಗಿನ್ ಸೇರಿಸಿ, ಬಳಕೆದಾರರ ಎಂಟಿಟಿಯನ್ನು ಹಾಗೇ ರಿಟರ್ನ್ ಮಾಡಿದರೆ ಪಾಸ್‌ವರ್ಡ್‌ನ ಹ್ಯಾಶ್ ಕೂಡ ಜೇಸನ್‌ನಲ್ಲಿ ಹೊರಗೆ ಹೋಗುತ್ತದೆ. ಆಗ ಯಾವ ಎರರೂ ಬರುವುದಿಲ್ಲ, ಅದೇ ನನಗೆ ಹೆಚ್ಚು ಭಯ.

ಲಾಗ್‌ನಲ್ಲಿ ‘ನೋ ಸೆಷನ್’ ಎಂದಿದ್ದರೆ ಅದು ಬೇರೆ ಕಥೆ. ಹೈಬರ್ನೇಟ್ ತಾಲ್ಲೂಕುಗಳನ್ನು ಕೇಳಿದಾಗಷ್ಟೇ ತರುತ್ತದೆ, ಜ್ಯಾಕ್ಸನ್ ಕೇಳುವ ಹೊತ್ತಿಗೆ ಡೇಟಾಬೇಸ್ ಸೆಷನ್ ಮುಚ್ಚಿರುತ್ತದೆ. ‘ಬೈಟ್‌ಬಡ್ಡಿ’ ಎಂಬ ಹೆಸರು ಕಂಡರೂ ಮೂಲ ಇದೇ ಜಾಗದಲ್ಲಿದೆ: ನಿಜವಾದ ಜಿಲ್ಲೆಯ ಬದಲು ಹೈಬರ್ನೇಟ್ ಇಟ್ಟ ಪ್ರಾಕ್ಸಿ ಜ್ಯಾಕ್ಸನ್ ಕೈಗೆ ಸಿಕ್ಕಿದೆ. ‘ಓಪನ್-ಇನ್-ವ್ಯೂ’ ಆನ್ ಮಾಡಿದರೆ ಸೆಷನ್‌ನ ಎರರ್ ಮಾಯವಾಗುತ್ತದೆ ನಿಜ. ಆದರೆ ರಾಜ್ಯದ 31 ಜಿಲ್ಲೆಗಳಿಗೆ ಒಂದು ಕ್ವೆರಿ, ಪ್ರತಿ ಜಿಲ್ಲೆಯ ತಾಲ್ಲೂಕುಗಳಿಗೆ ಇನ್ನೊಂದರಂತೆ ಒಟ್ಟು 32 ಕ್ವೆರಿ ಸದ್ದಿಲ್ಲದೆ ಓಡುತ್ತವೆ. ‘ಜಾಯಿನ್ ಫೆಚ್’ ಬಳಸಿ ಒಟ್ಟಿಗೇ ತಂದು, ಸರ್ವಿಸ್‌ನ ಟ್ರಾನ್ಸಾಕ್ಷನ್ ಒಳಗೇ ರೆಕಾರ್ಡ್‌ಗೆ ತುಂಬಿಸಿ. ಆಮೇಲೆ ‘ಶೋ-ಎಸ್‌ಕ್ಯೂಎಲ್’ ಆನ್ ಮಾಡಿ ಪುಟವನ್ನು ಮತ್ತೆ ತೆರೆಯಿರಿ. ಕನ್ಸೋಲ್‌ನಲ್ಲಿ ಒಂದೇ ಒಂದು ಸೆಲೆಕ್ಟ್ ಕಾಣಬೇಕು.